ಹ್ಯಾಟೆ ಕಾವಿನಲ್ಲಿ ಬಾತುಮೊಟ್ಟೆ: ನನ್ನ ಅನುಭವ

ನಮ್ಮದು ಮಲೆನಾಡು. ತೋಟದ ಪಕ್ಕ ಒಡ್ಡಿ, ಅದರಲ್ಲಿ ಏಳು ನಾಟಿ ಹ್ಯಾಟೆ (ಹೆಣ್ಣು ಕೋಳಿ), ಒಂದು ಹುಂಜ, ಐದು ಖಾಕಿ ಕ್ಯಾಂಪ್‌ಬೆಲ್ ತಳಿಯ ಹೆಣ್ಣು ಬಾತು, ಒಂದು ಗಂಡು. ಈ ಬಾತು ಮೊಟ್ಟೆ ಇಡೋದರಲ್ಲಿ ಎತ್ತಿದ ಕೈ, ಆದರೆ ಕಾವಿಗೆ ಕೂರೋದು ತೀರಾ ಅಪರೂಪ. ಮರಿ ಬೇಕಂದ್ರೆ ಹ್ಯಾಟೆಯೇ ಗತಿ.

ಮೊದಲ ಸಲ ಹ್ಯಾಟೆಯ ಐದು ಮೊಟ್ಟೆ, ನಾಲ್ಕು ಬಾತುಮೊಟ್ಟೆ ಒಂದೇ ದಿನ ಇಟ್ಟೆ. ಕೋಳಿಗೆ 21 ದಿನ, ಬಾತಿಗೆ 28 ಅಂತ ಗೊತ್ತಿತ್ತು, ಆದರೆ ಉಳಿದ ಏಳು ದಿನವೂ ಹ್ಯಾಟೆ ಕೂತಿರುತ್ತೆ ಅಂದ್ಕೊಂಡಿದ್ದೆ. ಎಲ್ಲಿ ಕೂರುತ್ತೆ? ಕೋಳಿಮರಿ ಹೊರಬಂದ ಎರಡನೇ ದಿನವೇ ಅವನ್ನು ಕಟ್ಟಿಕೊಂಡು ಹಿತ್ತಲಿಗೆ ಹೊರಟಿತು. ಸಂಜೆ ಮುಟ್ಟಿ ನೋಡಿದರೆ ಬಾತುಮೊಟ್ಟೆ ತಣ್ಣಗಾಗಿದ್ದವು. ಒಡೆದಾಗ ಮೂರರೊಳಗೆ ತುಪ್ಪಳ ಬಂದ ಮರಿ ಇತ್ತು. ಆ ರಾತ್ರಿ ಊಟ ಸೇರಲಿಲ್ಲ.

ಈಗ ಒಂದು ಹ್ಯಾಟೆಗೆ ಬರೀ ಬಾತುಮೊಟ್ಟೆ, ಅದೂ ಏಳೇ. ದೊಡ್ಡ ಮೊಟ್ಟೆ ಅಲ್ವಾ, ಜಾಸ್ತಿ ಇಟ್ಟರೆ ರೆಕ್ಕೆಯ ಹೊರಗೆ ಉಳಿಯುತ್ತವೆ. ಒಂದು ವಾರದೊಳಗಿನ ಮೊಟ್ಟೆಯನ್ನೇ ಆರಿಸುತ್ತೇನೆ, ತೊಳೆಯೋದಿಲ್ಲ. ಭಾರಕ್ಕೆ ಹ್ಯಾಟೆ ಸರಿಯಾಗಿ ಹೊರಳಿಸದಿದ್ದರೆ ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಅದು ಮೇಯಲು ಎದ್ದಾಗ ನಾನೇ ತಿರುಗಿಸುತ್ತೇನೆ. ಎಂಟನೇ ದಿನ ಕತ್ತಲಲ್ಲಿ ಟಾರ್ಚ್ ಹಿಡಿದರೆ ಜೇಡರ ಬಲೆಯ ಹಾಗೆ ಕೆಂಪು ನರ ಕಾಣಬೇಕು. ಏನೂ ಕಾಣದ ಮೊಟ್ಟೆ ತೆಗೆದುಬಿಡಿ, ಸುಮ್ನೆ ಕೊಳೆತು ಒಡೆದು ಉಳಿದದ್ದನ್ನೂ ಹಾಳು ಮಾಡುತ್ತೆ.

ತಾಯಿ ಬಾತು ನೀರಿಗಿಳಿದು ಒದ್ದೆ ಮೈಯಲ್ಲೇ ಬಂದು ಕೂರುತ್ತೆ. ಹ್ಯಾಟೆಯ ಮೈ ಒಣಗಿರುತ್ತೆ. ಅದಕ್ಕೇ ಎರಡನೇ ವಾರದಿಂದ ದಿನಕ್ಕೊಮ್ಮೆ ಮೊಟ್ಟೆಗಳ ಮೇಲೆ ಉಗುರುಬೆಚ್ಚಗಿನ ನೀರು ಚಿಮುಕಿಸುತ್ತೇನೆ.

ಕಷ್ಟ ಇರೋದು ಕೊನೆಗೆ. 27ನೇ ದಿನ ಒಂದು ಮೊಟ್ಟೆಯಲ್ಲಿ ಸಾಸಿವೆಯಷ್ಟು ಚಿಪ್ಪು ಎದ್ದಿತ್ತು, ಒಳಗೆ ಕೊಕ್ಕಿನ ತುದಿ ಅಲುಗುತ್ತಿತ್ತು. ಮಾರನೇ ಬೆಳಿಗ್ಗೆಯೂ ಹಾಗೇ ಇದೆ! ಬಿಡಿಸೋಣ ಅಂತ ಉಗುರು ಹಾಕಿದೆ. "ಮುಟ್ಬೇಡ ಮಾರಾಯ, ಅದಕ್ಕೆ ಹೊತ್ತು ಬೇಕು" ಅಂದರು ಅಮ್ಮ. ಅಷ್ಟರಲ್ಲಿ ಬಿಳಿ ಪೊರೆಯಲ್ಲಿ ಒಂದು ಹನಿ ರಕ್ತ ಕಂಡಿತ್ತು, ಕೈ ತೆಗೆದೆ. ಮಧ್ಯಾಹ್ನ ಮೂರಕ್ಕೆ ತಾನೇ ಚಿಪ್ಪು ಸುತ್ತ ಕತ್ತರಿಸಿಕೊಂಡು ಹೊರಬಂತು. ಬಾತುಮರಿಗೆ ಒಂದೂವರೆ ದಿನ ಹಿಡಿಯೋದು ಸಹಜ, ಆ ಪೊರೆಯ ರಕ್ತನಾಳ ಒಣಗುವವರೆಗೆ ಕಾಯಲೇಬೇಕು.

ಮಳೆಗಾಲದಲ್ಲಿ ಮರಿ ಮಾಡಿಸುವವರು ಮೆಕ್ಕೆಜೋಳ, ಕಡಲೆಕಾಯಿ ಹಿಂಡಿ ಮೂಸಿ ನೋಡಿ. ನನ್ನ ಮೂರು ಮರಿ ಬೂಸ್ಟಿನ ಜೋಳ ತಿಂದು ಸತ್ತವು. ಕೋಳಿ ತಡೆದುಕೊಳ್ಳುವಷ್ಟು ಬೂಸ್ಟಿನ ವಿಷವನ್ನೂ ಬಾತುಮರಿ ತಡೆಯೋದಿಲ್ಲ ಅಂತ ಪಶುವೈದ್ಯರು ಹೇಳಿದ ಮೇಲೆ ಮರಿಗಳಿಗೆ ಬೇಯಿಸಿದ ನುಚ್ಚು, ಆಗಷ್ಟೇ ತಂದ ಮರಿ ಫೀಡು ಮಾತ್ರ ಕೊಡುತ್ತೇನೆ.

ನೀರಿನ ತಟ್ಟೆ ಮೂಗು ಮುಳುಗುವಷ್ಟು ಆಳ ಇರಲಿ, ಮೂಗು ಕಣ್ಣು ತೊಳೆದುಕೊಳ್ಳಬೇಕು ಅವು. ಮಧ್ಯೆ ಕಲ್ಲು ಇಟ್ಟರೆ ಒಳಗಿಳಿದು ನೆನೆಯೋದಿಲ್ಲ. ಕೆರೆಗೆ ಆಗಲೇ ಬಿಡಬೇಡಿ, ತುಪ್ಪಳ ನೆಂದು ಚಳಿಗೆ ನಡುಗುತ್ತವೆ. ನಾನು ಬಿಡೋದು ಹೊಟ್ಟೆಯ ಕೆಳಗೆ ಪುಕ್ಕ ಬಂದ ಮೇಲೆ.