ಮೂರು ದೇಶ, ಒಂದು ಎಡಗಾಲು: ಗೇರಿನ ಕಾರು, ಆಟೋಮ್ಯಾಟಿಕ್ ಕಾರು

ಬಳ್ಳಾರಿಯಲ್ಲಿ ಹೊಸ ಕಾರು ಕೊಳ್ಳಲು ಹೊರಟವರು ಈಗ ಮೈಲೇಜ್ ಕೇಳುವ ಮುಂಚೆಯೇ ಇನ್ನೊಂದು ಪ್ರಶ್ನೆ ಕೇಳುತ್ತಾರೆ: “ಗೇರಿನ ಗಾಡಿ ತಗಳ್ಳಾದಾ, ಆಟೋಮ್ಯಾಟಿಕ್ ತಗಳ್ಳಾದಾ?” ನಾನು ಬಳ್ಳಾರಿ, ಅಮೆರಿಕದ ಟೆಕ್ಸಾಸ್, ಇಂಗ್ಲೆಂಡ್ ಮೂರೂ ಕಡೆ ಓಡಿಸಿದ್ದೇನೆ. ಎರಡು ಬಗೆಯ ಗಾಡಿಯೂ ಕೈಗೆ ಹತ್ತಿವೆ. ಕೇಳಿದವರಿಗೆ ನಾನು ಹೇಳುವುದು ಇಷ್ಟೇ: ಕೊಳ್ಳುವುದು ಯಾವುದಾದರೂ ಕೊಳ್ಳಿ, ಕಲಿಯುವುದು ಮಾತ್ರ ಗೇರಿನ ಗಾಡಿಯಲ್ಲಿ, ಅಂದರೆ ಎಡಗಾಲಿನಿಂದ ಕ್ಲಚ್ ತುಳಿದು ಕೈಯಿಂದ ಗೇರ್ ಬದಲಾಯಿಸುವ ಗಾಡಿಯಲ್ಲಿ ಕಲಿಯಿರಿ. ಇದು ಹಳೆಯದರ ಮೇಲಿನ ಮೋಹದಿಂದ ಹೇಳುವ ಮಾತಲ್ಲ.

ನನಗೆ ಕಲಿಸಿದ್ದು ಅಪ್ಪ, ಮನೆಯ ಮಾರುತಿ 800ರಲ್ಲಿ. ಅವರ ಕ್ರಮ ಬಹಳ ಸರಳವಾಗಿತ್ತು. ಮೊದಲು ಎಕ್ಸಲರೇಟರ್ ಮುಟ್ಟುವ ಹಾಗೇ ಇಲ್ಲ. ಮಟ್ಟಸವಾದ ಬಯಲಿನಲ್ಲಿ ಫಸ್ಟ್ ಗೇರ್ ಹಾಕಿ, ಕ್ಲಚ್ಚನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಬಿಡುತ್ತಾ ಬರಬೇಕು. ಒಂದು ಹಂತದಲ್ಲಿ ಇಂಜಿನ್ನಿನ ಸದ್ದು ತಗ್ಗಿ ಗಾಡಿ ತಾನೇ ಮೆಲ್ಲಗೆ ಹೊರಡುತ್ತದೆ. ಅದೇ ಹಾಫ್ ಕ್ಲಚ್. ಅದು ಕಾಲಿಗೆ ಗೊತ್ತಾಗುವ ತನಕ ರಸ್ತೆಗೆ ಬಿಡಲಿಲ್ಲ. ಬಿಟ್ಟ ಮೇಲೆ ರಾಯಲ್ ಸರ್ಕಲ್ಲು, ಬೆಂಗಳೂರು ರೋಡು, ಸುಧಾ ಕ್ರಾಸಿನ ರೈಲ್ವೆ ಗೇಟು. ಗೇಟು ಎದ್ದಾಗ ಎರಡೂ ಕಡೆಯಿಂದ ಬೈಕು, ಆಟೋ, ಲಾರಿ ಒಟ್ಟಿಗೇ ನುಗ್ಗುವ ಜಾಗದಲ್ಲಿ ಹಾಫ್ ಕ್ಲಚ್ ಬರದವರಿಗೆ ಗಾಡಿ ಆಫ್ ಆಗದೆ ದಾಟಲಾಗದು.

ಟೆಕ್ಸಾಸಿಗೆ ಹೋದಾಗ ಆ ವಿದ್ಯೆಗೆ ಕೆಲಸವೇ ಇರಲಿಲ್ಲ. ಅಲ್ಲಿ ಹೊಸದಾಗಿ ಮಾರಾಟವಾಗುವ ಕಾರುಗಳಲ್ಲಿ ಗೇರಿನವು ನೂರಕ್ಕೆ ಒಂದೆರಡು ಇದ್ದರೆ ಹೆಚ್ಚು. ಜನರಲ್ ಮೋಟಾರ್ಸ್ 1939ರಲ್ಲೇ ಹೈಡ್ರಾ-ಮ್ಯಾಟಿಕ್ ಎಂಬ ಆಟೋಮ್ಯಾಟಿಕ್ ಗೇರ್‌ಬಾಕ್ಸನ್ನು ಓಲ್ಡ್ಸ್‌ಮೊಬೀಲ್ ಕಾರುಗಳಲ್ಲಿ ಮಾರುಕಟ್ಟೆಗೆ ತಂದಿತ್ತು. ದೊಡ್ಡ ಇಂಜಿನ್, ಅಗ್ಗದ ಪೆಟ್ರೋಲ್, ಉದ್ದನೆಯ ಹೆದ್ದಾರಿ ಇರುವ ದೇಶಕ್ಕೆ ಅದು ಬೇಗ ಒಗ್ಗಿತು. ಯುರೋಪಿನಲ್ಲಿ ಪೆಟ್ರೋಲ್ ತೆರಿಗೆ ಜಾಸ್ತಿ, ಇಂಜಿನ್ ಚಿಕ್ಕದು. ಹಳೆಯ ಆಟೋಮ್ಯಾಟಿಕ್‌ಗಳು ಇಂಧನ ಹೆಚ್ಚು ಕುಡಿಯುತ್ತಿದ್ದವು. ಹಾಗಾಗಿ ಅಲ್ಲಿ ಕ್ಲಚ್ ಉಳಿಯಿತು. ನಮ್ಮಲ್ಲಿ ಉಳಿದದ್ದಕ್ಕೂ ಕಾರಣ ಬಹುಪಾಲು ಇದೇ: ದುಡ್ಡು ಮತ್ತು ಮೈಲೇಜು.

ಟೆಕ್ಸಾಸಿನಲ್ಲಿ ನನಗೆ ಹೊಸದಾಗಿದ್ದು ಗೇರ್ ಇಲ್ಲದ್ದಕ್ಕಿಂತ ಹೆಚ್ಚಾಗಿ ರಸ್ತೆಯ ಮಗ್ಗುಲು. ಕೂರುವುದು ಎಡಕ್ಕೆ, ಓಡಿಸುವುದು ರಸ್ತೆಯ ಬಲಕ್ಕೆ. ಅದಕ್ಕೆ ನಾನು ಹಿಡಿದ ಸೂತ್ರ ಒಂದೇ: ಯಾವ ದೇಶದಲ್ಲಾದರೂ ಚಾಲಕನ ಭುಜ ರಸ್ತೆಯ ನಡುಗೆರೆಯ ಕಡೆಗೇ ಇರಬೇಕು. ತಿರುವು ತೆಗೆದುಕೊಂಡ ಕೂಡಲೇ ಇದೊಂದನ್ನು ನೋಡಿಕೊಂಡರೆ ದಿಕ್ಕು ತಪ್ಪುವುದಿಲ್ಲ. ಎಡಗಾಲಿಗೆ ಬೇರೆ ವ್ಯವಸ್ಥೆ ಮಾಡಿದೆ. ಗಾಡಿ ಶುರು ಮಾಡುವ ಮುಂಚೆಯೇ ಅದನ್ನು ಎಡಮೂಲೆಯ ಫುಟ್‌ರೆಸ್ಟ್ ಮೇಲೆ ಊರಿ, ಇಳಿಯುವ ತನಕ ಅಲ್ಲಿಂದ ಕದಲಿಸುತ್ತಿರಲಿಲ್ಲ. ಲೈಸೆನ್ಸ್ ಪರೀಕ್ಷೆಯಲ್ಲಿ ಗೇರಿನ ಮಾತೇ ಬರಲಿಲ್ಲ. ಸಾಮಾನ್ಯ ಕಾರಿನ ಲೈಸೆನ್ಸಿನಲ್ಲಿ ಅಲ್ಲಿ ಆ ಭೇದವಿಲ್ಲ. ದೊಡ್ಡ ಲಾರಿ ಓಡಿಸುವವರು ಆಟೋಮ್ಯಾಟಿಕ್‌ನಲ್ಲಿ ಪರೀಕ್ಷೆ ಕೊಟ್ಟರೆ ಮಾತ್ರ ಗೇರಿನ ಲಾರಿ ಮುಟ್ಟದಂತೆ ನಿರ್ಬಂಧ ಬೀಳುತ್ತದೆ.

ಇಂಗ್ಲೆಂಡಿನಲ್ಲಿ ಲೆಕ್ಕವೇ ಬೇರೆ. ಅಲ್ಲಿ ವಾಸಕ್ಕೆ ಹೋದವರು ಭಾರತದ ಲೈಸೆನ್ಸ್ ಮೇಲೆ 12 ತಿಂಗಳು ಓಡಿಸಬಹುದು, ಆಮೇಲೆ ಅಲ್ಲಿನ ಪರೀಕ್ಷೆ ಪಾಸಾಗಲೇಬೇಕು. ಪರೀಕ್ಷೆಯನ್ನು ಆಟೋಮ್ಯಾಟಿಕ್ ಕಾರಿನಲ್ಲಿ ಕೊಟ್ಟರೆ ಲೈಸೆನ್ಸಿನಲ್ಲಿ 78 ಎಂಬ ಸಂಕೇತ ಬೀಳುತ್ತದೆ. ಅಂದರೆ ಗೇರಿನ ಕಾರು ಓಡಿಸುವಂತಿಲ್ಲ. ಗೇರಿನ ಕಾರಿನಲ್ಲಿ ಪಾಸಾದರೆ ಎರಡೂ ನಿಮ್ಮವು. ನಾನು ಗೇರಿನದ್ದನ್ನೇ ಆರಿಸಿಕೊಂಡೆ. ಅಮೆರಿಕದಲ್ಲಿದ್ದಷ್ಟೂ ಕಾಲ ಕ್ಲಚ್ ಮುಟ್ಟಿರಲಿಲ್ಲ, ಆದರೂ ಅಪ್ಪ ಕಲಿಸಿದ ಹಾಫ್ ಕ್ಲಚ್ ಕಾಲಿನಲ್ಲಿ ಹಾಗೇ ಕೂತಿತ್ತು. ಏರಿನಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಹಾಫ್ ಕ್ಲಚ್ಚಿಗೆ ತಂದು, ಗಾಡಿಯ ಮೂತಿ ಸ್ವಲ್ಪ ಎದ್ದದ್ದು ಕಂಡ ಮೇಲೆ ಬ್ರೇಕ್ ಇಳಿಸುವುದು, ಇಷ್ಟು ಬಂದರೆ ಅಲ್ಲಿ ಅರ್ಧ ಧೈರ್ಯ ಬಂದ ಹಾಗೆ.

ಬಿಡಬೇಕಾದ ಊರ ಅಭ್ಯಾಸಗಳೂ ಇವೆ. ಇಳಿಜಾರಿನಲ್ಲಿ ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್ ಹಾಕಿ ಗಾಡಿ ಬಿಡುವುದು, ತಿರುವಿನಲ್ಲಿ ಉದ್ದಕ್ಕೂ ಕ್ಲಚ್ ಒತ್ತಿಕೊಂಡೇ ಇರುವುದು ಅಲ್ಲಿ ತಪ್ಪೆಂದು ಬರೆದುಕೊಳ್ಳುತ್ತಾರೆ, ಯಾಕೆಂದರೆ ಆಗ ಇಂಜಿನ್ನಿನ ಹಿಡಿತ ಚಕ್ರಕ್ಕೆ ಇರುವುದಿಲ್ಲ. ಸುಮಾರು 40 ನಿಮಿಷದ ಪರೀಕ್ಷೆ. ಚಿಕ್ಕ ತಪ್ಪು 15ರ ತನಕ ನಡೆಯುತ್ತದೆ. ಗಂಭೀರವಾದದ್ದು ಒಂದೇ ಆದರೂ ಫೇಲ್. ವೃತ್ತಗಳಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಲೇಬೇಕು. ನಮ್ಮ ಸರ್ಕಲ್‌ಗಳಲ್ಲೂ ಈ ಒಂದು ಶಿಸ್ತು ಬಂದರೆ ಎಷ್ಟು ಜೀವ ಉಳಿದಾವು ಎಂದು ನನಗೆ ಈಗಲೂ ಅನ್ನಿಸುತ್ತದೆ.

ನಮ್ಮ ದೇಶದ ಕಾನೂನಿನಲ್ಲೊಂದು ವಿಚಿತ್ರವಿದೆ. ದ್ವಿಚಕ್ರಕ್ಕೆ ಗೇರ್ ಇರುವುದು, ಇಲ್ಲದ್ದು ಎಂದು ಲೈಸೆನ್ಸಿನಲ್ಲೇ ಎರಡು ವರ್ಗ. ಕಾರಿಗೆ ಎಲ್‌ಎಂವಿ (ಲಘು ಮೋಟಾರು ವಾಹನ) ಅಂತ ಒಂದೇ. ಆಟೋಮ್ಯಾಟಿಕ್‌ನಲ್ಲಷ್ಟೇ ಕೂತು ಲೈಸೆನ್ಸ್ ಪಡೆದವರು ಮರುದಿನವೇ ಗೇರಿನ ಕಾರನ್ನು ರಸ್ತೆಗೆ ತಂದರೂ ಕೇಳುವವರಿಲ್ಲ. ಜಪಾನಿನಲ್ಲಿ 1991ರಿಂದಲೇ ಆಟೋಮ್ಯಾಟಿಕ್‌ಗೆ ಸೀಮಿತವಾದ ಲೈಸೆನ್ಸ್ ಬೇರೆ ಇದೆ. ಇಲ್ಲಿ ಕಾನೂನು ತಡೆಯುವುದಿಲ್ಲವಾದ್ದರಿಂದ ನಾವೇ ಕಲಿತು ಸಿದ್ಧರಾಗಬೇಕು.

ಊರಿಗೆ ಮರಳಿದ ಮೇಲೆ ಪಾಠ ತಿರುಗಿತು. ಅಪ್ಪನ ಎಡಮೊಣಕಾಲು ನೋಯಲು ಶುರುವಾಗಿ ಕ್ಲಚ್ ತುಳಿಯುವುದು ಕಷ್ಟವಾಗಿತ್ತು. ಎಎಂಟಿ ಗೇರ್‌ಬಾಕ್ಸಿನ ಚಿಕ್ಕ ಕಾರು ತಂದೆವು. 2014ರಲ್ಲಿ ಮಾರುತಿ ಸೆಲೆರಿಯೊದೊಂದಿಗೆ ನಮ್ಮಲ್ಲಿ ಬಂದ ಈ ವ್ಯವಸ್ಥೆಯೇ ಚಿಕ್ಕ ಕಾರಿನ ಮನೆಗಳಿಗೆ ಆಟೋಮ್ಯಾಟಿಕ್ ತಲುಪಿಸಿದ್ದು. ಒಳಗೆ ಇರುವುದು ಮಾಮೂಲಿ ಗೇರ್‌ಬಾಕ್ಸೇ, ಮಾಮೂಲಿ ಕ್ಲಚ್ಚೇ. ಅವನ್ನು ಆಡಿಸುವ ಕೆಲಸವನ್ನು ಮಾತ್ರ ಯಂತ್ರ ವಹಿಸಿಕೊಂಡಿರುತ್ತದೆ.

“ಗೇರ್ ಹಾಕ್ದಂಗೆ ಗಾಡಿ ಹೆಂಗೆ ಓಡಸ್ಬೇಕವ್ವ?” ಅಂದರು ಅಪ್ಪ.

“ಎಡಗಾಲು ಹಿಂದಕ್ಕೆ ಇಟ್ಕಪ್ಪಾ, ಅಷ್ಟೇ. ಅದ್ಕೆ ಇವತ್ತಿಂದ ರಿಟೈರ್ಮೆಂಟು.”

ಹೇಳುವುದು ಸುಲಭ. ಜೀವಮಾನವೆಲ್ಲ ಕ್ಲಚ್ ತುಳಿದ ಕಾಲು ಗಾಡಿ ನಿಲ್ಲಿಸುವಾಗ ತಾನಾಗಿ ಮುಂದೆ ಬರುತ್ತದೆ. ಅಲ್ಲಿ ಅದಕ್ಕೆ ಸಿಗುವುದು ಅಗಲವಾದ ಬ್ರೇಕ್ ಪೆಡಲ್. ಕ್ಲಚ್ಚಿನಂತೆ ಪೂರ್ತಿ ಒತ್ತಿದರೆ ಗಾಡಿ ಗಕ್ಕನೆ ನಿಂತು ಹಿಂದಿನವರು ಬಂದು ಗುದ್ದುತ್ತಾರೆ. ಇದನ್ನು ತಪ್ಪಿಸಲು ಬೆಳಗಿನ ಜಾವ ಖಾಲಿ ಬಯಲಿಗೆ ಹೋಗಿ, ಮೊದಲು ಬ್ರೇಕಿನ ಪಾಠ ಮಾತ್ರ ಮಾಡಿಸಿದೆ. ಅಪ್ಪ ಎಡಗಾಲನ್ನು ಸೀಟಿನ ಕಡೆಗೆ ಮಡಚಿಟ್ಟುಕೊಂಡರು. ಲಿವರನ್ನು ಡಿಗೆ (ಡ್ರೈವ್, ಮುಂದಕ್ಕೆ ಓಡುವ ಸ್ಥಾನ) ಹಾಕಿ ಬ್ರೇಕ್ ಬಿಡುವುದು, ಗಾಡಿ ತಾನೇ ಮೆಲ್ಲಗೆ ಹರಿಯುವುದನ್ನು ನೋಡುವುದು, ಬಲಗಾಲಿನಿಂದಲೇ ಮೆತ್ತಗೆ ನಿಲ್ಲಿಸುವುದು. ಇಷ್ಟೇ, ಮತ್ತೆ ಮತ್ತೆ. ಎಕ್ಸಲರೇಟರ್ ಆಮೇಲೆ. ನನಗೆ ಅವರು ಕಲಿಸಿದ ಕ್ರಮವನ್ನೇ ಹೊರಳಿಸಿ ಹಾಕಿದ್ದೆ.

ಅಪ್ಪನ ಹಳೆಯ ವಿದ್ಯೆ ಕೆಲಸಕ್ಕೆ ಬಂದದ್ದು ಇಲ್ಲೇ. ಎಎಂಟಿ ಒಂದರಿಂದ ಎರಡಕ್ಕೆ ಬದಲಾಯಿಸುವಾಗ ಗಾಡಿ ಒಂದು ಕ್ಷಣ ಮುಗ್ಗರಿಸಿದಂತಾಗುತ್ತದೆ. ಬಹಳ ಜನ ಇದಕ್ಕೇ ಬೇಸರ ಪಡುತ್ತಾರೆ. ಅಪ್ಪ ಇಂಜಿನ್ ಸದ್ದು ಕೇಳಿ, ಗೇರ್ ಬದಲಾಗುವ ಹೊತ್ತಿಗೆ ಎಕ್ಸಲರೇಟರನ್ನು ತುಸು ಸಡಿಲಿಸಿದರು. ಮುಗ್ಗರಿಕೆ ಹೆಚ್ಚುಕಮ್ಮಿ ಇಲ್ಲವಾಯಿತು. ಏರಿನಲ್ಲಿ ಗಾಡಿಯನ್ನು ಎಕ್ಸಲರೇಟರ್ ಮೇಲೆ ತಡೆದು ನಿಲ್ಲಿಸಬಾರದು ಎಂದು ನಾನು ಹೇಳುವ ಮುಂಚೆಯೇ ಹ್ಯಾಂಡ್‌ಬ್ರೇಕ್ ಎಳೆದಿದ್ದರು. ಕಾಣದಿದ್ದರೂ ಕ್ಲಚ್ ಒಳಗಿದೆ, ಸುಟ್ಟು ಹೋಗುತ್ತದೆ ಎಂಬುದು ಅವರಿಗೆ ಗೊತ್ತು. ಆಟೋಮ್ಯಾಟಿಕ್‌ನಲ್ಲೇ ಕಲಿತವರಿಗೆ ಇದನ್ನು ವಿವರಿಸುವುದು ಎಷ್ಟು ಕಷ್ಟವೆಂದು ನಾನು ಕಂಡಿದ್ದೇನೆ.

ಕೊನೆಯ ಪಾಠ ಸಂಡೂರಿನ ಕುಮಾರಸ್ವಾಮಿ ಗುಡಿಯ ಘಾಟಿಯಲ್ಲಿ. ಎದುರಿಗೆ ಅದಿರಿನ ಲಾರಿ ಬರುವ ದಾರಿ. ಇಳಿಯುವಾಗ ಡಿಯಲ್ಲೇ ಬಿಟ್ಟರೆ, ಕಾಲು ತೆಗೆದ ಕೂಡಲೇ ಗಾಡಿ ಮೇಲಿನ ಗೇರಿಗೆ ಹೋಗಿ, ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಬ್ರೇಕ್ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಲಿವರನ್ನು ಎಂಗೆ (ಮ್ಯಾನುಯಲ್, ಗೇರನ್ನು ನಾವೇ ಆರಿಸುವ ಸ್ಥಾನ) ತಂದು ಎರಡನೇ ಗೇರಿನಲ್ಲಿ ಇಳಿಸಿದರು ಅಪ್ಪ, ಬ್ರೇಕ್ ಅಪರೂಪಕ್ಕೆ ಮುಟ್ಟುತ್ತಾ. “ಇದೂ ಗೇರಿನ ಗಾಡೀನೇ ಬಿಡವ್ವ” ಅಂದರು.

ಈಗ ಚಿಕ್ಕಮ್ಮನ ಮಗ ಓದಲು ಜರ್ಮನಿಗೆ ಹೊರಟಿದ್ದಾನೆ. ಆಟೋಮ್ಯಾಟಿಕ್ ಸಾಕು ಎನ್ನುತ್ತಿದ್ದವನನ್ನು ಕೂರಿಸಿಕೊಂಡು ಹೇಳಿದೆ: ಅಲ್ಲಿ ನೆಲೆಸಿದ ಮೇಲೆ ನಮ್ಮ ಲೈಸೆನ್ಸ್ ನಡೆಯುವುದು 6 ತಿಂಗಳು, ಆಮೇಲೆ ಅವರ ಪರೀಕ್ಷೆ. ಆಟೋಮ್ಯಾಟಿಕ್‌ನಲ್ಲಿ ಪರೀಕ್ಷೆ ಕೊಟ್ಟವರೂ ಗೇರಿನ ಕಾರು ಓಡಿಸಲು 2021ರಿಂದ ದಾರಿ ಮಾಡಿದ್ದಾರೆ, ಆದರೆ ಅದಕ್ಕೂ ಗೇರಿನ ಕಾರಿನಲ್ಲಿ ಕನಿಷ್ಠ 10 ಪಾಠ ಆಗಲೇಬೇಕು, ಅಲ್ಲಿನ ಪಾಠದ ಫೀಸು ಇಲ್ಲಿಯದಲ್ಲ. ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಪರ್ಮಿಟ್ಟಿಗೆ ಅರ್ಜಿ ಹಾಕಿದ್ದಾನೆ, ದಿನಾ ಬೆಳಿಗ್ಗೆ ಕ್ಲಚ್ ಇರುವ ಹಳೆಯ ಕಾರಿನಲ್ಲಿ ಅಪ್ಪನ ಹತ್ತಿರ ಕಲಿಯುತ್ತಿದ್ದಾನೆ. ಜರ್ಮನಿಯಲ್ಲಿ ಗೇರ್ ಬಲಗೈಗೆ ಬರುತ್ತದೆ. ಕ್ಲಚ್ ಮಾತ್ರ ಇಲ್ಲಿದ್ದಂತೆ ಎಡಗಾಲಿಗೇ.