ದಾರದಲ್ಲಿ ಅಳೆದ ಲಂಡನ್: ಏರ್‌ಪೋರ್ಟ್ ಪಿಕಪ್‌ನಲ್ಲಿ ನನ್ನ ಅನುಭವ

ವಿಮಾನದಲ್ಲಿ ಬರೋರನ್ನು ಏರ್‌ಪೋರ್ಟಿನಿಂದ ಮೈಸೂರಿಗೆ ಕರೆತರೋ ಟ್ಯಾಕ್ಸಿ ಕೆಲಸ ನಂದು. ಮೈಸೂರಿನಿಂದ ದೇವನಹಳ್ಳಿಗೆ ಸುಮಾರು 185 ಕಿ.ಮೀ., ನಾಲ್ಕು ಗಂಟೆ. ಲಂಡನ್‌ನಿಂದ ದೇವನಹಳ್ಳಿಗೆ 8,000 ಚಿಲ್ಲರೆ ಕಿ.ಮೀ., ಒಂಬತ್ತೂಕಾಲು ಗಂಟೆ. ಈ ಎರಡೂ ಕೂಡಿಬಂದರೇನೇ ಪಿಕಪ್‌ನಲ್ಲಿ ದುಡ್ಡು ಉಳಿಯೋದು. ಬೇಗ ಹೋದರೆ ಪಾರ್ಕಿಂಗ್ ಖರ್ಚು, ಡ್ರೈವರ್ ನಿದ್ದೆ ಹಾಳು. ತಡವಾದರೆ ಪಾರ್ಟಿ ಬೇರೆ ಗಾಡಿ ಹತ್ತಿ ಹೋಗಿರ್ತಾರೆ.

"ಟಿಕೆಟ್‌ನಲ್ಲೇ ಟೈಮ್ ಇದೆಯಲ್ಲಣ್ಣಾ, ಗ್ಲೋಬ್ ಮೇಲೆ ದಾರ ಹಿಡ್ಕೊಂಡು ಯಾಕೆ ಕೂತಿದ್ದೀರಾ?" ಅಂತ ಸ್ಟ್ಯಾಂಡ್‌ನಲ್ಲಿ ಎಲ್ಲರೂ ಕೇಳಿದರು. ಟಿಕೆಟ್ ಟೈಮು ಗೇಟಿಂದ ಗೇಟಿಗೆ. ರನ್‌ವೇಗೆ ಸಾಲು ಕಾಯೋ ಹೊತ್ತೂ ಅದರಲ್ಲೇ ಸೇರಿರುತ್ತೆ. ನನಗೆ ಬೇಕಾಗಿದ್ದು ಚಕ್ರ ನೆಲ ಬಿಟ್ಟಾಗಿಂದ ಮತ್ತೆ ನೆಲ ಮುಟ್ಟೋವರೆಗಿನ ಹೊತ್ತು.

ಮೊದಲು ಗೋಡೆ ಮ್ಯಾಪಿನ ಮೇಲೆ ಸ್ಕೇಲ್ ಇಟ್ಟೆ. ಹತ್ತು ಸಾವಿರ ಕಿ.ಮೀ. ಬಂತು, ಹನ್ನೊಂದು ಗಂಟೆ ಲೆಕ್ಕ ಹಾಕಿದೆ. ಗಾಡಿ ಹೋಗೋ ಹೊತ್ತಿಗೆ ವಯಸ್ಸಾದ ದಂಪತಿ ಎರಡು ಗಂಟೆ ಟ್ರಾಲಿ ಹಿಡಿದು ಕೂತಿದ್ದರು. ಬಾಡಿಗೆಯಲ್ಲಿ ಸಾವಿರ ರೂಪಾಯಿ ಬಿಟ್ಟೆ. ಆ ಮ್ಯಾಪು ಉತ್ತರಕ್ಕೆ ಹೋದಷ್ಟೂ ಭೂಮಿಯನ್ನು ಹಿಗ್ಗಿಸಿ ತೋರಿಸುತ್ತೆ ಅಂತ ಆಮೇಲೆ ಗೊತ್ತಾಯಿತು.

ಮಗಳ ಗ್ಲೋಬ್ ಕೈಗೆ ಬಂದಿದ್ದು ಆಗ. 30 ಸೆಂ.ಮೀ. ಅಡ್ಡಳತೆ, ಸುತ್ತಳತೆ 94. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಅಂದರೆ ಒಂದು ಸೆಂ.ಮೀ.ಗೆ 425. ಹೂ ಕಟ್ಟೋ ದಾರವನ್ನು ಲಂಡನ್‌ನಿಂದ ಬೆಂಗಳೂರಿಗೆ ಬಿಗಿಯಾಗಿ ಎಳೆದೆ. ಸರಿಯಾಗಿ 19 ಸೆಂ.ಮೀ.! ಗಂಟೆಗೆ 900 ಹಿಡಿದು ಭಾಗಿಸಿ, ಏರೋಕೆ ಇಳಿಯೋಕೆ ಇಪ್ಪತ್ತು ನಿಮಿಷ ಸೇರಿಸಿದೆ. ಚಳಿಗಾಲದಲ್ಲಿ ಪಶ್ಚಿಮದ ಗಾಳಿ ಬೆನ್ನಿಗಿರುತ್ತೆ, ಸ್ವಲ್ಪ ಕಳೀಬೇಕು. ಯಾವ ತಿಂಗಳು ಎಷ್ಟು ಅನ್ನೋದು ನನ್ನ ನೋಟ್‌ಬುಕ್‌ನಲ್ಲಿದೆ, ಅದು ಅಲ್ಲೇ ಇರಲಿ.

ಇಷ್ಟಾದರೂ ಒಂದು ಟ್ರಿಪ್ ಕೈಬಿಟ್ಟಿತು. ಮಾರ್ಚ್ ಕೊನೇ ಭಾನುವಾರ ಲಂಡನ್‌ನವರು ಗಡಿಯಾರ ಒಂದು ಗಂಟೆ ಮುಂದೆ ತಿರುಗಿಸ್ತಾರೆ. ಅಲ್ಲಿನ ಟೈಮನ್ನು ನಮ್ಮ ಟೈಮಿಗೆ ತರೋಕೆ ನಾನು ಐದೂವರೆ ಗಂಟೆಯೇ ಕೂಡಿಸಿದೆ, ನಾಲ್ಕೂವರೆ ಕೂಡಿಸಬೇಕಿತ್ತು. ನಾಲ್ಕೂವರೆ ಸಾವಿರ ಬಾಡಿಗೆ ಹೋಯಿತು. ಡೀಸೆಲ್, ಡ್ರೈವರ್ ಬಾಟಾ ಕೈಯಿಂದ ಕೊಟ್ಟೆ.

2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ನಮ್ಮ ಕಂಪನಿಗಳ ವಿಮಾನಕ್ಕೆ ಆಕಾಶ ಮುಚ್ಚಿದಾಗ ದಾರವನ್ನೂ ಬಗ್ಗಿಸಬೇಕಾಯಿತು. ಗುಂಡುಪಿನ್ ನಿಲ್ಲಲಿಲ್ಲ. ಮೈದಾ ಅಂಟಿನಲ್ಲಿ ಕಡ್ಡಿ ಅಂಟಿಸಿ ಅದರ ಸುತ್ತ ಎಳೆದೆ. ಮಗಳು ಎರಡು ದಿನ ಮಾತಾಡಲಿಲ್ಲ.

ಈಗ ಚಳಿಗಾಲದಲ್ಲಿ ಅಲ್ಲಿ ಮಧ್ಯಾಹ್ನ ಎರಡೂವರೆಗೆ ಹಾರಿದರೆ ನಮಗೆ ರಾತ್ರಿ ಎಂಟು. ಬೆಳಗ್ಗೆ ಐದೂಕಾಲಿಗೆ ಇಳಿಯುತ್ತೆ. ಇಮಿಗ್ರೇಷನ್, ಲಗೇಜು ಒಂದು ಗಂಟೆ. ಗಾಡಿ ಮೈಸೂರು ಬಿಡೋದು ಎರಡೂಕಾಲಿಗೆ. ಹೋಗುವಾಗ ಬೆಳಗಿನ ವಿಮಾನದ ಡ್ರಾಪ್ ಒಂದನ್ನು ಜೊತೆ ಮಾಡ್ತೀನಿ, ಖಾಲಿ ಓಡಿಸಲ್ಲ. ಇದೇ ನಿಜವಾದ ಗಳಿಕೆ. ಹೋದ ಚಳಿಗಾಲ ಇಪ್ಪತ್ತರ ಹತ್ತಿರ ಪಿಕಪ್ ಮಾಡಿದೆ. ಕಾಲು ಗಂಟೆಗಿಂತ ಜಾಸ್ತಿ ಕಾದಿದ್ದು ಎರಡೋ ಮೂರೋ ಸಲ. ಅವತ್ತು ನಕ್ಕವರೇ ಈಗ ರಾತ್ರಿ ಫೋನ್ ಮಾಡಿ "ಅಣ್ಣಾ, ಎಷ್ಟೊತ್ತಿಗೆ ಬಿಡ್ಲಿ?" ಅಂತಾರೆ.

ಸ್ಯಾನ್ ಫ್ರಾನ್ಸಿಸ್ಕೋ ಮಾತ್ರ ಇನ್ನೂ ಪಳಗಿಲ್ಲ. ದಾರ 33 ಸೆಂ.ಮೀ., ಅಂದರೆ 14,000 ಕಿ.ಮೀ., ಆರ್ಕ್ಟಿಕ್ ವೃತ್ತದ ಆಚೆ ಹಾದು ಬರುತ್ತೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಅಲ್ಲಿಂದ ಬೆಂಗಳೂರಿಗೆ ಬಂದಿದ್ದು ಇನ್ನೂ ಮೇಲೆ, ಉತ್ತರ ಧ್ರುವದ ಹಾದಿಯಲ್ಲಿ. ನನ್ನ ಲೆಕ್ಕ ಹದಿನಾರು ಗಂಟೆ ಅನ್ನುತ್ತೆ, ಅವರಿಗೆ ಹದಿನೇಳರ ಹತ್ತಿರ ಹಿಡಿಯಿತು. ಆ ಪಿಕಪ್‌ಗೆ ನಾನಿನ್ನೂ ಟಿಕೆಟ್ ಟೈಮನ್ನೇ ನಂಬ್ತೀನಿ.