ಹೊಸದಾಗಿ ಬಂದ ನಾಯಿ, ಮೊದಲ ಕ್ರಿಸ್‌ಮಸ್

ನಾಯಿಯನ್ನು ದತ್ತು ತಂದು ಸ್ವಲ್ಪ ದಿನ ಆಗಿದೆ, ಅಷ್ಟರಲ್ಲೇ ಕ್ರಿಸ್‌ಮಸ್ ಬಂತು ಅಂದರೆ, ಅದನ್ನೂ ಹಬ್ಬಕ್ಕೆ ಸೇರಿಸಿಕೊಳ್ಳುವ ಆಸೆ ಮೊದಲು ಬಿಡಿ. ಟೋಪಿ ಹಾಕಿ ಫೋಟೋ ತೆಗೆಯುವುದು, ಬಂದವರಿಗೆಲ್ಲ ಪರಿಚಯ ಮಾಡಿಸುವುದು, ಎಲ್ಲ ಮುಂದಿನ ವರ್ಷಕ್ಕಿರಲಿ. ಗಾಬರಿ ಇಳಿಯಲು 3 ದಿನ, ಮನೆಯ ರೀತಿ ತಿಳಿಯಲು 3 ವಾರ, ಇದು ನಮ್ಮನೆ ಅನ್ನಿಸಲು 3 ತಿಂಗಳು ಅಂತ ನಾಯಿ ಸಾಕುವವರು ಒಂದು ಅಂದಾಜು ಲೆಕ್ಕ ಹೇಳುತ್ತಾರೆ. ಪೆಟ್ಟು ತಿಂದು ಬಂದ ನಾಯಿಗೆ ಇನ್ನೂ ಜಾಸ್ತಿ ಬೇಕಾಗಬಹುದು. ಅಂಥದ್ದರಲ್ಲಿ ಇದ್ದಕ್ಕಿದ್ದಂತೆ ಸೋಫಾ ಜಾಗ ಬದಲಾಯಿತು, ಮನೆಯೊಳಗೊಂದು ಮರ ಬಂತು, ಅದರ ತುಂಬ ದೀಪ, ಗುರುತಿಲ್ಲದ ಜನ ಜೋರಾಗಿ ನಗುತ್ತಿದ್ದಾರೆ ಅಂದರೆ ಪಾಪ ಅದು ಏನಂತ ತಿಳಿಯಬೇಕು?

ಅದಕ್ಕೇ ಅಂತ ಒಂದು ಕೋಣೆ ಬಿಟ್ಟುಕೊಡಿ. ಜನ ಓಡಾಡದ ಕಡೆ ಇರಲಿ. ಅದರ ಹಾಸಿಗೆ, ನೀರು, ಕಡಿಯುವ ಆಟಿಕೆ, ಹೊರಗಿನ ಸದ್ದು ಸ್ವಲ್ಪ ಮುಚ್ಚಲು ಫ್ಯಾನೋ ರೇಡಿಯೋನೋ. ಆದರೆ ಹಬ್ಬದ ದಿನವೇ ಒಳಗೆ ತಳ್ಳಿ ಬಾಗಿಲು ಹಾಕಿದರೆ ಅದು ಶಿಕ್ಷೆ ಅಂದುಕೊಳ್ಳುತ್ತದೆ. ಒಂದು ವಾರ ಮೊದಲಿನಿಂದಲೇ ಊಟ ಅಲ್ಲೇ ಹಾಕಿ, ಸುಮ್ನೆ ಪಕ್ಕದಲ್ಲಿ ಕೂತಿರಿ, ಬಾಗಿಲು ಒಂದೆರಡು ನಿಮಿಷ ಹಾಕಿ ತೆಗೆಯಿರಿ. ಆಮೇಲೆ ತಾನೇ ಹೋಗಿ ಮಲಗುತ್ತದೆ. ಅಲ್ಲಿದ್ದಾಗ ಮಕ್ಕಳೂ ಸೇರಿ ಯಾರೂ ಒಳಗೆ ಹೋಗಿ ಮುಟ್ಟಬಾರದು.

ಮರವನ್ನು ಒಂದೇ ದಿನ ಪೂರ್ತಿ ಸಿಂಗರಿಸಬೇಡಿ. ಇವತ್ತು ಬರೀ ಮರ, ನಾಳೆ ದೀಪ, ಆಮೇಲೆ ಉಳಿದದ್ದು. ನಿಜವಾದ ಮರ ಆಗಿದ್ದರೆ ಗಂಡುನಾಯಿ ಕಾಲೆತ್ತುವುದು ಗ್ಯಾರಂಟಿ, ಮರ ಇರುವುದೇ ಅದಕ್ಕೆ ಅಂತ ಅದರ ಲೆಕ್ಕ. ಬೈಯದೆ ಒರೆಸಿ, ಹೊರಗೆ ಜಾಸ್ತಿ ಸಲ ಕರೆದುಕೊಂಡು ಹೋಗಿ. ಗಾಜಿನ ಗುಂಡು ಮೇಲಿನ ಕೊಂಬೆಗೆ ಕಟ್ಟಿ, ವೈರು ಬಾಯಿಗೆ ಸಿಗದ ಹಾಗಿರಲಿ. ಮಿಂಚುವ ಜರಿದಾರ ಬೇಡವೇ ಬೇಡ. ನುಂಗಿದರೆ ಕರುಳಿಗೆ ಸಿಕ್ಕಿಕೊಂಡು ಆಪರೇಷನ್ ತನಕ ಹೋಗುತ್ತದೆ. ಹಾಡುವ ಬೊಂಬೆಯೊಳಗಿನ ಬಟನ್ ಸೆಲ್ ಗಂಟಲನ್ನೇ ಸುಡಬಹುದು. ಚಾಕೊಲೇಟ್ ಇರುವ ಗಿಫ್ಟನ್ನು ಮರದ ಕೆಳಗೆ ಇಡಬೇಡಿ, ಎಷ್ಟು ಪೇಪರ್ ಸುತ್ತಿದರೂ ಅದರ ಮೂಗಿಗೆ ಗೊತ್ತಾಗುತ್ತದೆ.

ಊಟದ ವಿಷಯದಲ್ಲಿ ದಾಕ್ಷಿಣ್ಯ ಬೇಡ. ಕ್ರಿಸ್‌ಮಸ್ ಕೇಕಿನ ಒಣದ್ರಾಕ್ಷಿ ನಾಯಿಯ ಕಿಡ್ನಿ ಕೆಡಿಸುತ್ತದೆ, ಕೆಲವು ನಾಯಿಗೆ ಸ್ವಲ್ಪವೇ ಸಾಕು. ಚಾಕೊಲೇಟ್ ಕಪ್ಪಾದಷ್ಟೂ ಅಪಾಯ ಜಾಸ್ತಿ. ಸಕ್ಕರೆ ಇಲ್ಲದ ಮಿಠಾಯಿ, ಚ್ಯೂಯಿಂಗ್ ಗಮ್‌ನಲ್ಲಿ ಸಕ್ಕರೆ ಬದಲು ಹಾಕುವ ಜೈಲಿಟಾಲ್ ಅನ್ನುವ ಸಿಹಿಪದಾರ್ಥ ಇದ್ದರೆ ನಾಯಿಯ ಶುಗರ್ ಏಕಾಏಕಿ ಕುಸಿಯುತ್ತದೆ. ಬೆಂದ ಮೂಳೆ ಚೂಪಾಗಿ ಸೀಳುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ಮದ್ಯ ಯಾವುದೂ ಬೇಡ. ಏನಾದರೂ ತಿಂದಿತು ಅಂತ ಗೊತ್ತಾದರೆ ವಾಂತಿ ಆಗಲಿ ನೋಡೋಣ ಅಂತ ಕಾಯಬೇಡಿ, ಉಪ್ಪುನೀರು ಕುಡಿಸಿ ನೀವೇ ವಾಂತಿ ಮಾಡಿಸಲೂ ಹೋಗಬೇಡಿ, ತಕ್ಷಣ ಡಾಕ್ಟರಿಗೆ ಫೋನ್ ಮಾಡಿ. ರಜೆಯಲ್ಲಿ ಯಾವ ಆಸ್ಪತ್ರೆ ತೆರೆದಿರುತ್ತದೆ ಅಂತ ಮೊದಲೇ ಕೇಳಿಟ್ಟುಕೊಳ್ಳಿ.

ಇನ್ನು ನೆಂಟರು. ನನ್ನ ಕೇಳಿದರೆ ಮರಕ್ಕಿಂತ, ಕೇಕಿಗಿಂತ ಕಷ್ಟ ಇವರದೇ. "ನನಗೆ ಎಲ್ಲ ನಾಯೀನೂ ಒಗ್ಗುತ್ತೆ" ಅಂತ ಹೇಳಿಕೊಂಡು ನೇರ ತಲೆ ಮೇಲೆ ಕೈ ಇಡುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ಆಗ ನಾಯಿಯ ಮುಖ ನೋಡಿ. ತಿನ್ನಲು ಏನೂ ಇಲ್ಲದಿದ್ದರೂ ತುಟಿ ನೆಕ್ಕಿಕೊಳ್ಳುತ್ತದೆ. ನಿದ್ದೆ ಬಾರದಿದ್ದರೂ ಆಕಳಿಸುತ್ತದೆ. ಮುಖ ಆಚೆ ತಿರುಗಿಸಿ ಕಣ್ಣಂಚಿನಲ್ಲಿ ಬಿಳಿ ಕಾಣುವಂತೆ ಓರೆಯಾಗಿ ನೋಡುತ್ತದೆ. ಆಮೇಲೆ ಮೈ ಬಿಗಿ ಮಾಡಿ ಕದಲದೆ ನಿಲ್ಲುತ್ತದೆ. "ನೋಡಿ ಎಷ್ಟು ಸಾಧು" ಅಂತ ಜನ ಹೇಳುವುದು ಈ ಹೊತ್ತಿಗೇ, ಕಚ್ಚುವ ಮೊದಲಿನ ಕ್ಷಣವೂ ಇದೇ ಆಗಿರಬಹುದು. ಗುರ್ ಅಂದರೆ ಹೊಡೆಯಬೇಡಿ, ಬೈಯಬೇಡಿ. ಹಾಗೆ ಮಾಡಿದರೆ ಮುಂದಿನ ಸಲ ಗುರ್ ಅನ್ನದೆ ನೇರ ಬಾಯಿ ಹಾಕುತ್ತದೆ. ಸದ್ದಿಲ್ಲದೆ ಕರೆದುಕೊಂಡು ಕೋಣೆಗೆ ಬಿಡಿ. ಬರುವವರಿಗೆ ಮೊದಲೇ ಹೀಗೆ ಹೇಳಿ: ನಾಯಿ ಇದೆ ಅನ್ನುವುದನ್ನೇ ಮರೆತವರಂತೆ ಕೂತಿರಿ, ತಾನಾಗಿ ಬಂದು ಮೂಸಿದರೆ ಎದೆಯ ಹತ್ತಿರ ಸ್ವಲ್ಪ ಸವರಿ, ಬಾರದಿದ್ದರೆ ಬೇಡ. ಬೇಜಾರು ಮಾಡಿಕೊಳ್ಳುವವರು ಮಾಡಿಕೊಳ್ಳಲಿ. ಸಾಂತಾ ವೇಷದವರು ಬರುವಾಗಂತೂ ಅದು ಕೋಣೆಯಲ್ಲೇ ಇರಲಿ, ಆ ಗಡ್ಡ ಟೋಪಿ ನೋಡಿದರೆ ಧೈರ್ಯದ ನಾಯಿಯೂ ಬೆದರಬಹುದು.

ಬಾಗಿಲ ಮೇಲೆ ಕಣ್ಣಿರಲಿ. ಒಬ್ಬರು ಒಳಗೆ ಬರುತ್ತಾರೆ, ಇನ್ನೊಬ್ಬರು ಕಾರಿನಿಂದ ಡಬ್ಬಿ ತರಲು ಹೋಗುತ್ತಾರೆ, ಬಾಗಿಲು ಅರ್ಧ ತೆರೆದೇ ಇರುತ್ತದೆ. ಹೊಸ ನಾಯಿ ತಪ್ಪಿಸಿಕೊಂಡರೆ ವಾಪಸ್ ಬರುವ ದಾರಿಯೇ ಅದಕ್ಕೆ ಗೊತ್ತಿಲ್ಲ. ಕೊರಳ ಬೆಲ್ಟಿನಲ್ಲಿ ನಿಮ್ಮ ಫೋನ್ ನಂಬರ್ ಇರಲಿ. ಚರ್ಮದಡಿ ಹಾಕುವ ಗುರುತಿನ ಮೈಕ್ರೋಚಿಪ್ ಇದ್ದರೆ ದಾಖಲೆಯಲ್ಲಿ ಹಳೆಯ ವಿಳಾಸವೇ ಉಳಿದಿದೆಯಾ ನೋಡಿ.

ವಾಕಿಂಗು, ಊಟ ಮಾತ್ರ ಪ್ರತಿದಿನದ ಹೊತ್ತಿಗೇ ಆಗಲಿ, ಮನೆಯಲ್ಲಿ ಎಷ್ಟೇ ಗಡಿಬಿಡಿ ಇದ್ದರೂ. ಜನ ಬರುವ ಮೊದಲು ಒಂದು ದೊಡ್ಡ ಸುತ್ತು ಹಾಕಿಸಿ, ಮೂಸಿದಷ್ಟು ಮೂಸಲಿ. ಮಾರನೇ ದಿನ ಇಡೀ ಮಲಗಿದರೆ ಎಬ್ಬಿಸಬೇಡಿ, ಅದಕ್ಕೆ ಸುಸ್ತಾಗಿರುತ್ತದೆ. ಒಂದು ವಾರಕ್ಕೆ ಹೊಸ ವರ್ಷದ ಪಟಾಕಿ ಶುರುವಾಗುತ್ತದೆ. ಆ ದಿನ ಕತ್ತಲಾಗುವ ಮೊದಲೇ ಹೊರಗಿನ ಕೆಲಸ ಮುಗಿಸಿ, ಕಿಟಕಿ ಮುಚ್ಚಿ, ಅದೇ ಕೋಣೆಗೆ ಬಿಡಿ, ಮನೆಯಲ್ಲಿ ಯಾರಾದರೂ ಒಬ್ಬರು ಅದರ ಜೊತೆ ಇರಿ.